ದೊಡ್ಡಮ್ಮ ಓದಿದ ಕಾದಂಬರಿ

"ತಗೋ ಪುಟ್ಟಿ, ಉಳಿದದ್ದನ್ನ ನೀನು ಓದಿಬಿಡು," ಎನ್ನುತ್ತಾ ಇಸ್ತ್ರಿಯವಳು ಕಾದಂಬರಿಯನ್ನು ಹುಡುಗಿಯ ಮಡಿಲಿಗೆ ಹಾಕಿಯೇಬಿಟ್ಟಳು. ಪಕ್ಕದಲ್ಲಿ ದೊಡ್ಡಮ್ಮನ ದೇಹ, ಕುತ್ತಿಗೆಯವರೆಗೆ ಬಿಳಿ ಹೊದಿಕೆ. ಹೊಲಿಗೆ ಕಾರ್ಖಾನೆಯಲ್ಲಿ ಅವಳ ಜೊತೆ ದುಡಿಯುತ್ತಿದ್ದ ಹೆಂಗಸರು ಸುತ್ತ ಕೂತಿದ್ದರು. ಶವದ ಗಾಡಿ ಇನ್ನೂ ಬಂದಿರಲಿಲ್ಲ.

"ಇಲ್ಲೇನಾ? ಈಗ್ಲೇನಾ?"

"ಮತ್ತಿನ್ನೆಲ್ಲಿ? ಊಟದ ಬಿಡುವಲ್ಲಿ ಅಕ್ಕನೇ ಓದಿ ಹೇಳ್ತಿದ್ರು. ದಿನವಿಡೀ ಸೂಜಿ ನೋಡಿ ನಮ್ಮ ಕಣ್ಣು ಉರಿಯುತ್ತಲ್ಲ. ಅರ್ಧಕ್ಕೇ ಬಿಟ್ಟು ಮಲಗಿಬಿಟ್ರು ನೋಡು, ಮಹಾರಾಯ್ತಿ."

ಒಂದಿಬ್ಬರು ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು. ಕಾಜಾ ಹೊಲಿಯುವವಳು ಮಾತ್ರ ನಗಲಿಲ್ಲ. ಅವಳ ಕೆನ್ನೆಯ ಮೇಲೆ ಹೊಡೆತದ ಬೆರಳ ಗುರುತುಗಳು ಮೂಡಿದ್ದವು.

"ಕತೇಲಿ ಅವಳು ಗಂಡನ ಹತ್ರ ವಾಪಸ್ ಹೋದ್ಲಾ, ಅಂಗಡಿ ನಡೆಸಿದ್ಲಾ? ಅಷ್ಟು ಹೇಳು ಸಾಕು. ಸಂಜೆ ನಾನು ಎಲ್ಲಿಗೆ ಹೋಗ್ಬೇಕು ಅಂತ ನಂಗಿನ್ನೂ ಗೊತ್ತಿಲ್ಲ."

"ಅಂಗಡಿನಾ?"

ಆ ಕಾದಂಬರಿಯನ್ನು ಹುಡುಗಿ ಕಾಲೇಜಿನಲ್ಲೇ ಓದಿದ್ದಳು. ಅದರಲ್ಲಿ ಅಂಗಡಿಯೇ ಇರಲಿಲ್ಲ.

*

ದೊಡ್ಡಮ್ಮ ಕಾದಂಬರಿಗಳ ಬಗ್ಗೆ ತರಕಾರಿ ಕೊಂಡು ತಂದವಳ ಹಾಗೆ ಮಾತಾಡುತ್ತಿದ್ದಳು. "ಮೊದಲ ಐವತ್ತು ಪುಟ ಬರೀ ಮಳೆ ಕಣೇ, ಬಟ್ಟೆ ಒಣಗೋ ಹಾಗಿಲ್ಲ." "ಇದರಲ್ಲಿ ಎಲ್ಲರೂ ಯೋಚಿಸ್ತಾರೆ. ಪಾತ್ರೆ ಯಾರು ತೊಳೀತಾರೆ?" ಕಳೆದ ವಾರ ಇದೇ ಪುಸ್ತಕ ಮುಗಿಸಿ ಮೂತಿ ತಿರುವಿದ್ದಳು.

"ಚೆನ್ನಾಗಿಲ್ವಾ ದೊಡ್ಡಮ್ಮ?"

"ಬರೆದಿರೋದೇನೋ ಬೆಣ್ಣೆ ಹಾಗಿದೆ. ಕೊನೇಲಿ ಅವಳನ್ನ ಹೊಳೆಗೆ ತಳ್ಳಿ ಕೈ ತೊಳ್ಕೊಂಡಿದ್ದಾನೆ, ಬರೆದ ಸೋಮಾರಿ. ಸಾಯಿಸೋಕೇನು, ಒಂದು ಸಾಲು ಸಾಕು. ಬದುಕಿಸೋಕೆ ಮೈ ಬಗ್ಗಿಸಬೇಕು."

ಪದವೀಧರೆ ಹುಡುಗಿ ಒಳಗೊಳಗೇ ನಕ್ಕಿದ್ದಳು.

*

"ಹಿಂದಿನ ಕತೆಯವಳೂ ಅಷ್ಟೇ," ಇಸ್ತ್ರಿಯವಳು ಕಾಜಾದವಳ ಬೆನ್ನು ಸವರಿದಳು. "ಸೀಮೆಎಣ್ಣೆನ ಚರಂಡಿಗೆ ಸುರಿದು ರಾತ್ರಿಶಾಲೆ ಸೇರಿದ್ಲಲ್ಲ."

"ಹುಚ್ಚಾಸ್ಪತ್ರೆ ಗೋಡೆ ಹಾರಿದವಳು? ಅವಳಂಥ ಗಟ್ಟಿಗಿತ್ತಿ ಉಂಟಾ!" ಎಂದಳು ಇನ್ನೊಬ್ಬಳು.

ಆ ಎರಡು ಕತೆಗಳನ್ನೂ ಹುಡುಗಿ ಓದಿದ್ದಳು. ಅಚ್ಚಾದ ಪುಸ್ತಕಗಳಲ್ಲಿ ಮೊದಲನೆಯವಳು ಸುಟ್ಟುಕೊಂಡು ಸತ್ತಿದ್ದಳು. ಎರಡನೆಯವಳು ಆ ಗೋಡೆಯೊಳಗೇ ಮುಗಿದಿದ್ದಳು. ಹುಡುಗಿ ದೊಡ್ಡಮ್ಮನ ಮುಖ ನೋಡಿದಳು. ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ, ಡಬ್ಬಿ ಖಾಲಿಯಾಗುವುದರೊಳಗೆ, ಎಷ್ಟು ಜನರನ್ನು ಎಳೆದು ದಡ ಸೇರಿಸಿದ್ದಳು ಈ ಹೆಂಗಸು! ಒಂದಕ್ಷರ ಬರೆದಿಡದೆ. ತನಗೂ ಹೇಳದೆ.

ಕೊನೆಯ ಪುಟ ತೆರೆದಳು. ಅಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು.

ನಾಲ್ಕು ಜನರೆದುರು ತನ್ನ ಹೆಸರು ಹೇಳಲೂ ತೊದಲುವವಳು, ಸಾಲಿನ ಮೇಲೆ ಬೆರಳಿಟ್ಟಳು.

"ಅವಳು... ಅಂಗಡಿ ಬೀಗ ತೆಗೆದಳು."

"ಅದಾಯ್ತು, ಮುಂದೆ!"

"ಗಂಡ ಬಂದು ಬಾಗಿಲಲ್ಲಿ ನಿಂತ. 'ನಡಿ ಮನೆಗೆ' ಅಂದ."

ಕಾಜಾದವಳು ಮುಂದಕ್ಕೆ ಜರುಗಿ ಕೂತಳು.

"ಅವಳು ಹೊಲಿಗೆ ಮಿಷನ್‌ನಿಂದ ತಲೆ ಎತ್ತಲಿಲ್ಲ. 'ಅಳತೆ ಕೊಡೋದಿದ್ರೆ ಒಳಗೆ ಬನ್ನಿ. ಇಲ್ದಿದ್ರೆ ಬೆಳಕಿಗೆ ಅಡ್ಡ ನಿಲ್ಲಬೇಡಿ' ಅಂದಳು."

"ಹಾಗೆ ಹೇಳು ನನ್ನವ್ವ!" ಇಸ್ತ್ರಿಯವಳು ತೊಡೆ ತಟ್ಟಿದಳು. ಕಾಜಾದವಳು ಅಳುತ್ತಲೇ ನಕ್ಕುಬಿಟ್ಟಳು. "ಹೌದಾ? ಹಾಗೇ ಅಂದ್ಲಾ?"

"ಹಾಗೇ ಅಂದಳು."

ದೇಹ ಎತ್ತಿಸಲು ಬಂದ ಗಾಡಿಯ ಚಾಲಕ ಹೊಸ್ತಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಬ್ಬರೂ ಏಳಲಿಲ್ಲ. ಅವನೂ ಅವಸರ ಮಾಡಲಿಲ್ಲ.

"ಆಮೇಲೆ?" ಎಂದ ಮೆಲ್ಲಗೆ.

ಹುಡುಗಿ ಹಾಳೆ ಮಗುಚಿದಳು. ಆ ಬದಿ ಖಾಲಿ, ಒಂದಕ್ಷರವೂ ಅಚ್ಚಾಗಿರಲಿಲ್ಲ. ಹಿಂದೆ ಕೂತವರಿಗೂ ಕೇಳಲೆಂದು ದನಿ ಸ್ವಲ್ಪ ಎತ್ತರಿಸಿ, ಓದತೊಡಗಿದಳು.