ಆಕಾಶಹಡಗಿಗೆ ಅತ್ತೆಯ ಮುಖ

ಮುಖಪುಟಕ್ಕೆ ಚಿತ್ರ ಬರೆಯುವವರು ಪುಸ್ತಕ ಓದುವುದಿಲ್ಲ. ಓದುತ್ತ ಕೂತರೆ ಕೆಲಸ ಸಾಗುವುದೆಂದು? ಪ್ರಕಾಶಕರು ಫೋನಿನಲ್ಲಿ ಎರಡು ಮಾತು ಹೇಳುತ್ತಾರೆ, ಇತ್ತ ಕುಂಚ ಓಡುತ್ತದೆ. ಅಚ್ಚುಕೂಟದವರೆಲ್ಲ ಚಿತ್ರದಮ್ಮ ಎಂದು ಕರೆಯುವ ಆಕೆ ತಲೆ ನರೆಯುವವರೆಗೂ ಹೀಗೇ ದುಡಿದಿದ್ದಳು.

ಈ ಸಲದ ಪ್ರಕಾಶಕ ಅವಳ ಮೈದುನನೇ.

"ನಮ್ಮಜ್ಜಿ ಕಾಲದ ಕಾದಂಬರಿ ಅತ್ತಿಗೆ, ಒಬ್ಬ ಹೆಂಗಸು ಬರೆದಿದ್ದು. ಮೋಡದ ಮೇಲೆ ಹೆಂಗಸರದೇ ಒಂದು ಊರು, ಅಲ್ಲಿಗೆ ಹೋಗೋ ಹಡಗನ್ನೂ ಅವರೇ ಓಡಿಸ್ತಾರಂತೆ. ಲಕ್ಷಣವಾಗಿರೋ ಒಬ್ಬ ಹುಡುಗೀನ ಕೂರಿಸಿಬಿಡಿ."

ಕೂರಿಸಿದ್ದಳು. ಗಾಳಿಗೆ ಹಾರುವ ಕೂದಲು, ತಿದ್ದಿದ ಹುಬ್ಬು, ಕೈಯಲ್ಲಿ ಚುಕ್ಕಾಣಿ. ಮೈದುನ ಹಿರಿಹಿರಿ ಹಿಗ್ಗಿದ್ದ. ಮರುದಿನ ಬೆಳಿಗ್ಗೆ ಮುಖಪುಟ ಮೆಷಿನ್ನಿಗೆ ಏರಬೇಕಿತ್ತು.

ಮಧ್ಯಾಹ್ನ ಅತ್ತೆ ಕೋಲೂರಿಕೊಂಡು ಬಂದು ಚಿತ್ರದ ಮುಂದೆ ನಿಂತರು.

"ಯಾರೇ ಇವಳು?"

"ಆಕಾಶಹಡಗಿನ ಕಪ್ತಾನಳು, ಅತ್ತೆ."

"ದಾರಿ ಬಿಟ್ಟು ನಮ್ಮನ್ನ ನೋಡ್ತಾ ಇದ್ದಾಳಲ್ಲೇ! ಹಡಗು ಯಾವುದಕ್ಕಾದ್ರೂ ಗುದ್ದೋದು ಗ್ಯಾರಂಟಿ. ಕತೆ ಏನು?"

"ಗೊತ್ತಿಲ್ಲ."

"ಚೆನ್ನಾಗಿದೆ! ಗಂಡಿನ ಮುಖ ನೋಡದೆ ತಾಳಿ ಕಟ್ಟಿಸ್ಕೊಂಡ ಹಾಗಾಯ್ತು. ಓದು, ಕೇಳೋಣ."

ಅತ್ತೆಯ ಕಣ್ಣು ಮಂಜು. ಸೊಸೆ ಮೈದುನ ಕೊಟ್ಟುಹೋಗಿದ್ದ ಹಳೆಯ ಪ್ರತಿ ತೆಗೆದು, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದಳು. ಮೂರನೆಯ ಅಧ್ಯಾಯದಲ್ಲಿ ಅವಳು ಓದು ನಿಲ್ಲಿಸಿ ತನ್ನ ಚಿತ್ರದ ಕಡೆ ನೋಡಿದಳು. ಕಪ್ತಾನಳಿಗೆ ಮೊಮ್ಮಕ್ಕಳಿದ್ದರು. ಮಂಡಿ ನೋವು. ಕನ್ನಡಕಕ್ಕೆ ದಾರ. 'ಇನ್ನು ಸಾಕು, ಮೂಲೆಯಲ್ಲಿ ಕೂತುಕೋ' ಎಂದ ಮನೆಯವರಿಗೆ 'ಆಗಲಿ' ಎಂದು ಹೇಳಿ, ಮೇಲೆದ್ದು, ಹಡಗು ಹತ್ತಿದವಳು. ಮೋಡದ ಊರಿನಲ್ಲಿ ಇದ್ದವರೆಲ್ಲ ಅಂಥವರೇ.

"ನಿಲ್ಲಿಸಿದ್ದೇಕೆ?"

"ನಾನು ಬೇರೆ ಯಾರನ್ನೋ ಬರೆದಿದ್ದೀನಿ, ಅತ್ತೆ."

ಕಾದಂಬರಿ ಬರೆದಾಕೆ ಎಂದೋ ತೀರಿಕೊಂಡಿದ್ದಳು, ಇದು ನನ್ನ ಕಪ್ತಾನಳಲ್ಲ ಎಂದು ಬಂದು ಕೇಳುವವರಿಲ್ಲ. ಆ ಕಾಲದಲ್ಲಿ ಅಷ್ಟು ಧೈರ್ಯವಾಗಿ ಒಬ್ಬ ಮುದುಕಿಯನ್ನು ಆಕಾಶಕ್ಕೆ ಏರಿಸಿದವಳ ಪುಸ್ತಕದಿಂದ ಆ ಮುದುಕಿಯನ್ನೇ ಕೆಳಗಿಳಿಸಿದ್ದು ತನ್ನ ಕೈ. ಅದನ್ನು ಹಾಗೇ ಬಿಡುವುದು ಅವಳಿಗೆ ಆಗಲಿಲ್ಲ. ಅಚ್ಚುಕೂಟಕ್ಕೆ ಫೋನು ಮಾಡಿ, ಮುಖಪುಟ ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡಳು.

ಮೆಷಿನ್ನಿನ ಯಜಮಾನರು ಯಾಕೆ ಏನು ಎನ್ನಲಿಲ್ಲ. "ಒಳಪುಟಗಳು ಇನ್ನೂ ಉಳಿದಿವೆಯಮ್ಮಾ, ಬೆಳಿಗ್ಗೆ ಅವನ್ನೇ ಮೊದಲು ಹಾಕ್ತೀನಿ. ನೀವು ನಿಧಾನವಾಗಿ ಬನ್ನಿ," ಎಂದರು.

ಅವಳು ಅತ್ತೆಯನ್ನು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ದೊಡ್ಡ ಪಾತ್ರೆಯ ಮುಚ್ಚಳ ಕೊಟ್ಟಳು.

"ಇದೇನೇ?"

"ಚುಕ್ಕಾಣಿ. ಗಟ್ಟಿಯಾಗಿ ಹಿಡೀರಿ. ದೂರ ನೋಡಿ."

"ನನಗೆ ದೂರ ಕಾಣಿಸಿದರೆ ತಾನೇ!"

"ಕಾಣಿಸೋ ಥರ ನೋಡಿ ಅತ್ತೆ."

ಅತ್ತೆ ನೋಡಿದರು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಸಂಜೆ ಬೆಳಕು ಹೋಗುವವರೆಗೂ ಅಲುಗಾಡಲಿಲ್ಲ, ಕಾಲು ಜೋಮು ಹಿಡಿದದ್ದನ್ನು ಎದ್ದಮೇಲಷ್ಟೇ ಹೇಳಿದರು.

ಮರುದಿನ ಚಿತ್ರದಮ್ಮ ಎರಡೂ ಚಿತ್ರ ಹಿಡಿದು ಅಚ್ಚುಕೂಟದ ಒಳಗೆ ಕಾಲಿಟ್ಟಾಗ ಮೆಷಿನ್ನು ಒಳಪುಟಗಳನ್ನು ಉದುರಿಸುತ್ತಿತ್ತು. ಯಜಮಾನರು ಕುರ್ಚಿಯ ಮೇಲಿನ ಕಾಗದದ ಕಟ್ಟು ಎತ್ತಿ ಅವಳಿಗೆ ಜಾಗ ಮಾಡಿದರು. ಕಪ್ತಾನಳನ್ನು ಮುದುಕಿಯಾಗಿ ಬರೆದಿದ್ದೀನಿ ಎಂದು ಅವಳು ಹೇಳಿದ್ದೇ ತಡ, ಮೈದುನನಿಗೆ ಮಾತ್ರ ಮೈಯೆಲ್ಲ ಉರಿ.

"ಹೊಸ ಚಿತ್ರವಾ? ಈಗಲಾ? ಅತ್ತಿಗೆ, ಮುದುಕಿಯ ಮುಖ ನೋಡಿ ಯಾರು ಪುಸ್ತಕ ಕೊಳ್ತಾರೆ?"

"ನೀನು ಈ ಕಾದಂಬರಿ ಓದಿದ್ದೀಯಾ?"

ಅವನು ಕತ್ತು ಕೆರೆದುಕೊಂಡ. "ಮುನ್ನುಡಿ ಓದಿದ್ದೀನಿ."

"ಸರಿಹೋಯ್ತು! ಮನೆತನಕ್ಕೆ ತಕ್ಕ ಜೋಡಿ ನಾವು." ಅವಳು ಚಿತ್ರದ ಮೇಲಿನ ತೆಳುಕಾಗದ ಸರಿಸಿದಳು. "ಪುಸ್ತಕದಲ್ಲಿ ಇರೋಳು ಇವಳು. ಹುಡುಗೀನೇ ಬೇಕು ಅಂದ್ರೆ ಹಾಕ್ಕೋಪ್ಪ, ಆದರೆ ಅದರ ಕೆಳಗೆ ನನ್ನ ಹೆಸರು ಬೇಡ."

ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಮೈದುನ ಬಗ್ಗಿ ನೋಡಿದ. ಮತ್ತೆ ನೋಡಿದ.

"ಇದು... ಅಮ್ಮ ಅಲ್ವಾ?"

"ಹೌದು."

"ಅಮ್ಮ ಹೀಗೆ ಕೂತಿದ್ದನ್ನ ನಾನು ನೋಡೇ ಇಲ್ಲ."

"ಹೀಗೆ ಕೂತ್ಕೊಳ್ಳಿ ಅಂತ ಯಾರು ಹೇಳಿದ್ರು? ನಿನ್ನೆವರೆಗೂ ನಾನೂ ಹೇಳಿರಲಿಲ್ಲ."

ಯಜಮಾನರು ಮಸಿಗೈ ಒರೆಸಿಕೊಂಡು ಬಂದು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. "ನನ್ನ ಕೇಳಿದ್ರೆ, ಈ ಹುಡುಗಿಯ ಹಡಗಿಗೆ ದೂರದಿಂದಲೇ ಕೈಮುಗೀತೀನಿ. ಈ ಅಮ್ಮ ಓಡಿಸಿದ್ರೆ ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹತ್ತುತೀನಿ."

ಮೈದುನ ನಗು ತಡೆಯಲು ನೋಡಿದ, ಆಗಲಿಲ್ಲ. "ಇದನ್ನೇ ಹಾಕಿ," ಎಂದ. ಆಮೇಲೆ ಉದುರಿದ್ದ ಒಳಪುಟಗಳಲ್ಲಿ ಒಂದನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತೇ ಓದತೊಡಗಿದ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನಂದ ನಿನ್ನ ಮೈದುನ?"

"ಹಡಗು ಹತ್ತಿದ, ಅತ್ತೆ."

"ಹತ್ತದೆ ಎಲ್ಲಿ ಹೋಗ್ತಾನೆ! ಸರಿ, ಕೂತ್ಕೋ. ಹಡಗು ಇನ್ನೂ ಮೋಡದ ಕೆಳಗೇ ಇದೆ. ಮುಂದಕ್ಕೆ ಓದು."