ಬೂದಿ ಎರಡು ಕಂತಿನಲ್ಲಿ ಹೆತ್ತದ್ದು

ಅತ್ತೆಯ ಮೊಲದ ಗೂಡುಗಳಿಗೆ ಇದ್ದದ್ದು ಒಂದೇ ಕಾನೂನು: ಎರಡು ಸಲ ಮರಿ ಉಳಿಸಿಕೊಳ್ಳದ ಹೆಣ್ಣಿಗೆ ಅಲ್ಲಿ ಜಾಗವಿಲ್ಲ. ಕೊಲ್ಲುವ ಪೈಕಿ ಅಲ್ಲ, ಅಷ್ಟು ಹೇಳಿಬಿಡಬೇಕು. ಸಾಕಿಕೊಳ್ಳುವವರ ಕೈಗೆ ಕೊಡುತ್ತಿದ್ದರು. ಆದರೆ ಕಳಿಸುವುದಂತೂ ಕಳಿಸಿಯೇ ತೀರುತ್ತಿದ್ದರು. ಆ ಕಾನೂನು ಬೂದಿಯ ತಲೆಯ ಮೇಲೆ ಬಂದು ನಿಂತಾಗ ಸೊಸೆಗೆ ಊಟ ಸೇರಲಿಲ್ಲ.

ಯಾಕೆಂದರೆ, ಈ ಬೂದಿಬಣ್ಣದ ಮೊಲವನ್ನು ಸೊಸೆ ತವರಿನಿಂದ ಮಡಿಲಲ್ಲಿ ಕೂರಿಸಿಕೊಂಡು ತಂದಿದ್ದಳು. ಮೊದಲ ಸಲ ಮರಿಗಳು ಉಳಿಯದಿದ್ದಾಗ ಅತ್ತೆ, "ನಿಮ್ಮ ಕಡೆಯವು ನೋಡೋಕೆ ಚೆಂದ, ಅಷ್ಟೇ" ಎಂದು ಚುಚ್ಚಿದ್ದರು. ಸೊಸೆ ನುಂಗಿಕೊಂಡಿದ್ದಳು. ಈ ಸಲ ಬೂದಿ ಮಾನ ಉಳಿಸುತ್ತದೆ ಎಂದು ಕಾದಳು. ಉಳಿಸಿತೇ? ಬೆಳಿಗ್ಗೆ ಹೆರಿಗೆ ಪೆಟ್ಟಿಗೆಯಲ್ಲಿ ಎರಡು ಮರಿ, ಎರಡಕ್ಕೂ ಜೀವವಿಲ್ಲ.

"ಮುಗೀತಲ್ಲ," ಎಂದರು ಅತ್ತೆ. "ಪೋಸ್ಟ್‌ಮ್ಯಾನ್ ಮಕ್ಕಳು ಮೊಲ ಬೇಕು ಅಂತ ಕುಣೀತಿದ್ವು. ನಾಳೆ ಬಂದು ತಗೊಂಡು ಹೋಗಲಿ."

"ಅತ್ತೆ, ಹೊಟ್ಟೆ ಇನ್ನೂ ಗಟ್ಟಿ ಇದೆ."

"ಅದು ತಿಂದಿರೋ ಹುಲ್ಲು ಕಣೇ. ಮೊಲ ಸಾಕಿ ಸಾಕಿ ತಲೆ ನೆರೆದಿದೆ, ನನಗೇ ಪಾಠ ಹೇಳ್ತೀಯಾ?"

ಅತ್ತೆಗೆ ಶುಚಿಯ ಹುಚ್ಚು. ಹೆತ್ತ ಮರಿ ಉಳಿಯಲಿಲ್ಲ ಅಂದರೆ ಆ ಪೆಟ್ಟಿಗೆ ಮರುಗಳಿಗೆ ಗೂಡಿನಲ್ಲಿ ಇರಕೂಡದು. ಒಣಹುಲ್ಲನ್ನೂ, ಬೂದಿ ತನ್ನ ಹೊಟ್ಟೆಯಿಂದಲೇ ಕಿತ್ತು ಹಾಸಿದ್ದ ತುಪ್ಪಳವನ್ನೂ ಕಸಕ್ಕೆ ಸುರಿದು, ಕುದಿನೀರು ಹೊಯ್ದು ಉಜ್ಜಿ, ಬಿಸಿಲಿಗೆ ಬೋರಲು ಹಾಕಿದರು. ನೂರು ಸಲ ಮಾಡಿದ ಕೆಲಸ. ಎಡವಟ್ಟಾದದ್ದೂ ಅಲ್ಲೇ.

ಮರುದಿನ ಬೆಳಿಗ್ಗೆ, ಕೊನೆಯದಾಗಿ ಒಂದು ಹಿಡಿ ಸೊಪ್ಪು ಕೊಟ್ಟು ಬರೋಣವೆಂದು ಸೊಸೆ ಹಿತ್ತಲಿಗೆ ಹೋದಳು. ನೋಡಿದರೆ ಬರೀ ತಂತಿ ಜಾಲರಿಯ ಮೇಲೆ ಮರಿಗಳು! ಹೆಬ್ಬೆರಳಿನ ಗಾತ್ರದವು, ರೋಮವಿಲ್ಲದ ಮೈ, ಮುಟ್ಟಿದರೆ ತಣ್ಣಗೆ. ಬೂದಿ ಬಾಯಲ್ಲಿ ತುಪ್ಪಳ ಕಚ್ಚಿಕೊಂಡು, ಇಲ್ಲದ ಪೆಟ್ಟಿಗೆ ಹುಡುಕುತ್ತ ಗೂಡಿನ ತುಂಬ ಓಡಾಡುತ್ತಿತ್ತು. ಅಯ್ಯೋ, ಎಂಥ ಪಾಡು!

"ಅತ್ತೇ!"

ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. ನೋಡಿದರು. ಮುಖ ಇಳಿದುಹೋಯಿತು.

"ಮೊಲದ ಬಸಿರಿಗೆ ಎರಡು ಕವಲು ಅಂತ ನಮ್ಮಮ್ಮ ಹೇಳ್ತಿದ್ದಳು. ಒಂದು ಕವಲು ನಿನ್ನೆ ಖಾಲಿಯಾಗಿದೆ, ಇನ್ನೊಂದು ಇವತ್ತು. ಗೊತ್ತಿದ್ದೂ ಪೆಟ್ಟಿಗೆ ತೆಗೆದೆನಲ್ಲೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ಎಲ್ಲ ಸತ್ತಿವೆ ಅತ್ತೆ." ಸೊಸೆಗೆ ಅಳು ಒತ್ತರಿಸಿ ಬಂತು.

"ತಣ್ಣಗಿರೋ ಮರೀನ ಸತ್ತಿದೆ ಅನ್ನಬಾರದು. ಬೆಚ್ಚಗಾದ ಮೇಲೂ ಅಲ್ಲಾಡದಿದ್ರೆ ಆಗ ಅಳು. ಹೋಗು, ನೀರು ಕಾಯಿಸು!"

ಸೊಸೆ ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ಮರಿಗಳನ್ನು ಮಲಗಿಸಿದಳು. ಎಲ್ಲಕ್ಕಿಂತ ಚಿಕ್ಕದೊಂದು ಜಾಲರಿಯ ಸಂದಿಯಿಂದ ಕೆಳಗಿನ ಹಿಕ್ಕೆ ತಟ್ಟೆಗೆ ಜಾರಿತ್ತು. ಗಲೀಜು ಮೆತ್ತಿದ್ದ ಅದನ್ನು ಅತ್ತೆ ಅಂಗೈಯಲ್ಲಿ ಒರೆಸಿ, ಸೀದಾ ಬಟ್ಟೆಯೊಳಗೆ ಎದೆಗವಚಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂತಲ್ಲಿ ಕೂರದ ಹೆಂಗಸು ಅವತ್ತು ಮಿಸುಕಲಿಲ್ಲ.

ಟವೆಲಿನಲ್ಲಿದ್ದವು ಒಂದೊಂದಾಗಿ ಮೈ ಮುರಿದವು. ಸೊಸೆ ಪೆಟ್ಟಿಗೆಗೆ ಹೊಸ ಹುಲ್ಲು ತುಂಬಿ ಅವನ್ನು ಒಳಗಿಟ್ಟಳು. ಬೂದಿ ಮೂಸಿತು, ಯೋಚಿಸಿತು, ಒಳಗೆ ಹಾರಿ ಹಾಲೂಡಿಸಿತು. ಸೊಸೆಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತೆಯ ಎದೆಯಲ್ಲಿದ್ದದ್ದು ಮಾತ್ರ ಇನ್ನೂ ಸುಮ್ಮನಿತ್ತು.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಬುಟ್ಟಿ ಹಿಡಿದು ಹಾಜರಾದ. "ಎಲ್ಲಿ ಅಮ್ಮಾ, ನಮ್ಮ ಮೊಲ?"

ಅತ್ತೆ ಒಮ್ಮೆ ಕೊಟ್ಟ ಮಾತು ಹಿಂದೆ ತಗೊಂಡದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಹಸಿ ಬಾಣಂತೀನ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರೇನಪ್ಪಾ?" ಎಂದರು ಅತ್ತೆ. "ಅದೂ ನಮ್ಮ ಹುಡುಗಿ ತವರಿಂದ ತಂದಿದ್ದು. ಅದರದ್ದೇನೂ ತಪ್ಪಿಲ್ಲ, ಕೆಟ್ಟಿದ್ದು ನನ್ನ ಕೈಯಿಂದ. ನಿನ್ನ ಮಕ್ಕಳಿಗೆ ಇದರದ್ದೇ ಮರಿ ಕೊಡ್ತೀನಿ, ದೊಡ್ಡವಾಗಲಿ. ಈಗ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣರಳಿಸಿ ಸೊಸೆಯನ್ನು ನೋಡಿದರು.

"ಒದೀತು ಕಣೇ," ಎಂದರು. "ನಿನ್ನಾಣೆ, ಒದೀತು!"