ಧೈರ್ಯ ಹೇಳಲು ಬಂದ ಪ್ಲಂಬರ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಶಾಲೆಯಲ್ಲಿ ಅಪ್ಪ ಅಮ್ಮಂದಿರಿಗೂ ಮಕ್ಕಳಿಗೂ ಧೈರ್ಯ ಹೇಳುವ ಸಭೆ. ಅದಕ್ಕೆ ಪ್ರತಿವರ್ಷವೂ ಪ್ಲಂಬರನಿಗೇ ಕರೆ. ಹತ್ತನೇ ತರಗತಿಯಲ್ಲಿ ಮೂರು ಸಲ ಗೋತಾ ಹೊಡೆದು, ಆಮೇಲೆ ಊರಿನ ಅರ್ಧ ಬಚ್ಚಲುಮನೆಗಳ ಮಾನ ಉಳಿಸಿ, ಸ್ವಂತ ಮನೆ ಕಟ್ಟಿಕೊಂಡವನು. ಹೆಡ್‌ಮೇಡಮ್ಮಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇನ್ನೆಲ್ಲಿ ಸಿಗಬೇಕು? ಅವತ್ತು ಅವನನ್ನು ಎಲ್ಲರೂ ‘ಸರ್’ ಅನ್ನುತ್ತಾರೆ. ವರ್ಷದಲ್ಲಿ ಅದೊಂದೇ ದಿನ.

ಈ ಸಲ ಮಾತ್ರ ಕತೆ ಬೇರೆ. ಅವನ ಮಗಳೇ ಗಣಿತದಲ್ಲಿ ಫೇಲಾಗಿದ್ದಳು. ಅವಳನ್ನು ಇಂಜಿನಿಯರ್ ಮಾಡಬೇಕು, ತನ್ನ ಹಾಗೆ ಯಾರದೋ ಸಿಂಕಿನ ಕೆಳಗೆ ಅಂಗಾತ ಬೀಳಬಾರದು ಎಂಬುದೊಂದೇ ಅವನ ಆಸೆ. ಬೆಳಿಗ್ಗೆ ಮೂರು ಮನೆಗೆ ಕೇಳಿಸುವಂತೆ ಅವಳಿಗೆ ಬೈದು, ಗಂಟಲು ಕಟ್ಟಿ, ಹೊರಡುವ ಮುಂಚೆ ಎರಡು ಲೋಟ ಬಿಸಿನೀರು ಕುಡಿದ. ಅಂಕಗಳೇ ಎಲ್ಲ ಅಲ್ಲ ಎಂದು ಹೇಳುವುದಕ್ಕೂ ಗಂಟಲು ಬೇಕಲ್ಲ!

ಹುಡುಗಿ ದಡ್ಡಿಯೇನಲ್ಲ. ಗೋಡೆಗೆ ಕಿವಿಯಿಟ್ಟು, ಒಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲಳು. ಹೋದ ತಿಂಗಳು ಹಲ್ಲಿನ ಡಾಕ್ಟರಮ್ಮನ ಮನೆಗೆ ಅಪ್ಪನ ಊಟದ ಡಬ್ಬಿ ತಂದಾಗ, ಅವನು ಎರಡು ಟೈಲ್ಸ್ ಸುಮ್ಮಸುಮ್ಮನೆ ಒಡೆದು ಪೆಚ್ಚಾಗಿ ಕೂತಿದ್ದ. ಅವಳು ಒಂದು ಮೊಳ ಆಚೆ ಬೆರಳಿಟ್ಟಳು. ಒಡೆದು ನೋಡಿದರೆ ಸೋರಿಕೆ ಅಲ್ಲೇ ಇತ್ತು. ಅವನಿಗೆ ಎದೆಯುಬ್ಬಿ ಬಂತು. ಬಾಯಲ್ಲಿ ಬಂದಿದ್ದು ಮಾತ್ರ, “ಹೋಗು, ಹೋಗಿ ಓದ್ಕೋ.”

ಸಭೆಯಲ್ಲಿ ಮೈಕು ಹಿಡಿದು ಶುರು ಮಾಡಿದ. “ಅಂಕ ಅಂದ್ರೆ ಜೀವನ ಅಲ್ಲ. ಮಕ್ಕಳಿಗೆ ಯಾವುದರಲ್ಲಿ ಕೈ ಓಡುತ್ತೋ ಅದನ್ನೇ ಮಾಡೋಕೆ ಬಿಡಿ. ನನ್ನನ್ನೇ ನೋಡಿ!”

ಎಲ್ಲರೂ ಅವನನ್ನು ನೋಡಿದರು. ಆಮೇಲೆ ತಂತಮ್ಮ ಮಕ್ಕಳನ್ನು ಗಾಬರಿಯಿಂದ ನೋಡಿದರು. ಮುಂದಿನ ಸಾಲಿನ ಬ್ಯಾಂಕ್ ಮ್ಯಾನೇಜರ್ ಚಪ್ಪಾಳೆ ತಟ್ಟುತ್ತಲೇ ಮಗನ ಕಡೆ ಬಾಗಿ, “ನೀನು ಹೀಗಾದ್ರೆ ಕಾಲು ಮುರೀತೀನಿ” ಎಂದ.

“ಯಾರಿಗಾದ್ರೂ ಪ್ರಶ್ನೆ ಇದೆಯಾ?” ಎಂದರು ಹೆಡ್‌ಮೇಡಂ. ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೊನೆಯ ಸಾಲಿನಲ್ಲಿ ಪ್ಲಂಬರನ ಮಗಳು ಎದ್ದು ನಿಂತಳು. “ಅಪ್ಪಾ, ನಾಳೆಯಿಂದ ನಾನೂ ನಿನ್ನ ಜೊತೆ ಕೆಲಸಕ್ಕೆ ಬರ್ಲಾ?”

ಎಲ್ಲರ ಕತ್ತೂ ಅವಳಿಂದ ಅವನ ಕಡೆ ತಿರುಗಿತು. ಹೂಂ ಅಂದರೆ ಹದಿನಾರು ವರ್ಷದ ಕನಸು ಮಣ್ಣುಪಾಲು. ಊಹೂಂ ಅಂದರೆ ಇಷ್ಟು ವರ್ಷ ಇಲ್ಲಿ ನಿಂತು ಹೇಳಿದ್ದೆಲ್ಲ ಬರೀ ಬೊಗಳೆ.

“ನಾನು ಹೇಳಿದ್ದು ಬೇರೆಯವರ ಮಕ್ಕಳಿಗಮ್ಮ,” ಎಂದ. “ನೀನು ಇನ್ನೊಂದ್ಸಲ ಪರೀಕ್ಷೆ ಕಟ್ಟು.”

ಇಷ್ಟು ವರ್ಷಗಳಲ್ಲಿ ಬೀಳದಿದ್ದಂಥ ಚಪ್ಪಾಳೆ ಆಗ ಬಿತ್ತು. ಮ್ಯಾನೇಜರ್ ಎದ್ದು ನಿಂತೇ ತಟ್ಟಿದ. ಕೊನೆಗೂ ಒಬ್ಬ ಪುಣ್ಯಾತ್ಮ ಅವರೆಲ್ಲರ ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದ್ದ.

ಮಗಳು ಅಳಲಿಲ್ಲ, ಕೂರಲೂ ಇಲ್ಲ. ಬೆಳಿಗ್ಗೆ ಅಷ್ಟು ಬೈಸಿಕೊಂಡಾಗಲೂ ತಲೆ ತಗ್ಗಿಸದಿದ್ದವಳು ಈಗ ಅಪ್ಪನ ಪರವಾಗಿ ನಾಚಿ ತಲೆ ತಗ್ಗಿಸಿದಳು. ಅಷ್ಟು ದೂರದ ವೇದಿಕೆಯಿಂದಲೂ ಅದು ಅವನಿಗೆ ಚೆನ್ನಾಗಿಯೇ ಕಂಡಿತು.